ಕಲ್ಲು ಕಾಣಲಿಲ್ಲ

ಬೆಳಗಾವಿಯ ಶಿಕ್ಷಣ ಇಲಾಖೆಯ ಸಾಹೇಬರು ನಾನು ಕೊಟ್ಟ ಹಳ್ಳದ ನೀರಿನ ಚಿತ್ರದ ಪಕ್ಕದಲ್ಲಿ ಹಾಜರಿ ಪುಸ್ತಕ ಬಿಡಿಸಿಟ್ಟು, ಪೆನ್ನಿನ ತುದಿಯಿಂದ ಒಂದೊಂದೇ ತಾರೀಖನ್ನು ಕುಟ್ಟಿ ತೋರಿಸಿದರು.

“ಜುಲೈ ಹನ್ನೊಂದು. ಹುಡುಗಿ ಗೈರು. ಹಳ್ಳದಾಗ ನೀರು ಎಷ್ಟು? ಸೊನ್ನಿ. ಹನ್ನೆರಡು, ಗೈರು. ನೀರು ಸೊನ್ನಿ. ಹದಿಮೂರು, ಗೈರು. ಮತ್ತ ಸೊನ್ನಿ. ಹಳ್ಳ ಬಂದು ಹುಡುಗಿಗೆ ದಾಟಾಕ ಆಗಲಿಲ್ಲ ಅಂತ ಅರ್ಜಿ ಬರದೀರಿ ಮೇಡಂ. ನಿಮ್ಮ ಚಿತ್ರ ಏನ ಹೇಳತೈತಿ? ಹಳ್ಳ ಬತ್ತಿದ ದಿನಾನ ಹುಡುಗಿ ಮನ್ಯಾಗ ಕುಂತಾಳ ಅಂತ ಹೇಳತೈತಿ.”

ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಿಗೆ ವಿಜ್ಞಾನ ಹೇಳಲು ಬರುತ್ತಾರಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಚಿತ್ರ ನೋಡಿದೆ.

ಅವರು ಹೇಳಿದ್ದು ಸರಿ ಇತ್ತು. ಲಕ್ಷ್ಮೀ ಶಾಲೆಗೆ ಬಾರದ ನಲವತ್ತೊಂದು ದಿನವೂ ಚಿತ್ರದಲ್ಲಿ ಹಳ್ಳ ಒಣಗಿ ಬಿದ್ದಿತ್ತು. ಒಣಗಿಸಿದವಳು ನಾನೇ.

ಇದು ಎರಡು ಸಾವಿರದ ಎರಡನೇ ಇಸವಿಯ ಫೆಬ್ರವರಿಯ ಮಾತು. ನಾನು ಬೆಳಗಾವಿಯ ಸದಾಶಿವನಗರದವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಖಾನಾಪುರದ ಶಾಲೆಗೆ ಹೋಗಿ ಸಂಜೆ ಮರಳುತ್ತಿದ್ದೆ. ಹಿಂದಿನ ಬೇಸಿಗೆಯಲ್ಲಿ ವಿಜ್ಞಾನ ಶಿಕ್ಷಕರಿಗೆ ಬೆಳಗಾವಿಯ ಒಂದು ಕಾಲೇಜಿನಲ್ಲಿ ಹತ್ತು ದಿನ ಕಂಪ್ಯೂಟರ್ ತರಬೇತಿ ಇತ್ತು. ಕಲಿಸಿದವರು ಶಶಿಧರ ಎಂಬ ಲೆಕ್ಚರರ್. ಕೊನೆಯ ದಿನ ಅವರು ಎಲ್ಲರಿಗೂ ಒಂದೊಂದು ಫ್ಲಾಪಿ ಕೊಟ್ಟರು. ಅದರಲ್ಲಿ ಅವರೇ ಬರೆದ ಒಂದು ಪುಟವಿತ್ತು. ಇಂಟರ್‌ನೆಟ್ ಬೇಡ, ಫೋನ್ ಬೇಡ, ಕಂಪ್ಯೂಟರಿನಲ್ಲಿ ಬ್ರೌಸರ್ ಇದ್ದರೆ ಸಾಕು, ಪುಟ ತೆರೆಯುತ್ತದೆ. ತಿಂಗಳ ದಿನಗಳಿಗೆ ಮೂವತ್ತೊಂದು ಚೌಕ. ಒಂದೊಂದರಲ್ಲಿ ಆ ದಿನದ ಅಳತೆ ತುಂಬಿ ಕೆಳಗಿನ ಗುಂಡಿ ಒತ್ತಿದರೆ ನೀಲಿ ಕಂಬಗಳು ಸಾಲಾಗಿ ಎದ್ದು ನಿಲ್ಲುತ್ತಿದ್ದವು. ನಿಜಕ್ಕೂ ಅಲ್ಲಿದ್ದದ್ದು ಒಂದೇ ಒಂದು ನೀಲಿ ಚುಕ್ಕೆಯ ಚಿತ್ರ. ಸಂಖ್ಯೆ ದೊಡ್ಡದಿದ್ದಷ್ಟೂ ಪುಟ ಅದನ್ನು ಮೇಲಕ್ಕೆ ಎಳೆದು ಕಂಬ ಮಾಡುತ್ತಿತ್ತು.

ಪಠ್ಯಪುಸ್ತಕದಲ್ಲಿ ಯಾವುದೋ ಊರಿನ ಮಳೆಯ ನಕ್ಷೆ ಇರುತ್ತದಲ್ಲ, ಅದನ್ನು ಮಕ್ಕಳು ರಂಗೋಲಿಯಂತೆ ನೋಡಿ ಪುಟ ತಿರುವುತ್ತಿದ್ದರು. ನಮ್ಮದೇ ನೀರು, ನಮ್ಮದೇ ಅಳತೆ ಇರಲಿ ಎಂದು ನಾನು ಹಟ ಹಿಡಿದೆ. ಶಾಲೆಯ ಹಿಂದೆ ಹತ್ತು ನಿಮಿಷದ ಹಾದಿಯಲ್ಲಿ ಒಂದು ಹಳ್ಳವಿದೆ. ಅದರಾಚೆ ಕುರುಬರ ನಾಲ್ಕೈದು ಮನೆ. ಅಲ್ಲಿಂದ ಹೈಸ್ಕೂಲಿಗೆ ಬರುತ್ತಿದ್ದವಳು ಲಕ್ಷ್ಮೀ ಒಬ್ಬಳೇ, ಹತ್ತನೆಯ ತರಗತಿ. ದಿನಾ ಹಳ್ಳ ದಾಟುವವಳು ಅವಳಲ್ಲದೆ ಇನ್ಯಾರು? ಗೋಡೆಗೆ ಹಚ್ಚಿ ಉಳಿದ ಬಣ್ಣ ಕೊಟ್ಟು, ದಂಡೆಯ ಮೇಲೆ ನೆಟ್ಟ ಕಲ್ಲಿಗೆ ನೂರೈವತ್ತು ಸೆಂಟಿಮೀಟರಿನವರೆಗೆ ಗೆರೆ ಎಳೆಯಲು ಅವಳಿಗೆ ಹೇಳಿದೆ. ಅವಳೂ ಅವಳ ಅಪ್ಪ ಲಕ್ಷ್ಮಪ್ಪನೂ ಸೇರಿ ಎಳೆದರಂತೆ. ಬೆಳಿಗ್ಗೆ ದಾಟುವಾಗ ನೀರು ಯಾವ ಗೆರೆಗಿದೆ ಎಂದು ನೋಡಿ ಅವಳು ಒಂದು ನೋಟ್‌ಬುಕ್‌ನಲ್ಲಿ ಬರೆದು ತರಬೇಕು, ನಾನು ಪುಟಕ್ಕೆ ತುಂಬಬೇಕು.

ಜೂನ್ ತಿಂಗಳ ಕಂಬಗಳು ಮೊದಲ ಸಲ ಎದ್ದಾಗ ನಲವತ್ತು ಮಕ್ಕಳು ಒಂದೇ ಪರದೆಗೆ ಮುಗಿಬಿದ್ದರು. ನಮ್ಮ ಹಳ್ಳ ಟೀವ್ಯಾಗ ಬಂತು ಎಂದು ಯಾರೋ ಕೂಗಿದರು. ಲಕ್ಷ್ಮೀ ಹಿಂದಿನ ಬೆಂಚಿನ ಮೇಲೆ ಹತ್ತಿ ನಿಂತು ನೋಡುತ್ತಿದ್ದಳು. ಬೆಂಚಿನ ಮೇಲೆ ನಿಂತದ್ದಕ್ಕೆ ನಾನು ಅವಳನ್ನು ಬೈದೆ.

ಆ ಪುಟಕ್ಕೆ ಒಂದು ರೋಗವಿತ್ತು. ಒಂದೇ ಒಂದು ಚೌಕ ಖಾಲಿ ಬಿಟ್ಟರೂ ಬೀಪ್ ಎಂದು ಕೂಗಿ, ‘ತಪ್ಪು’ ಎಂಬ ಪೆಟ್ಟಿಗೆ ತೋರಿಸಿ, ಒಂದು ಕಂಬವನ್ನೂ ಎಬ್ಬಿಸದೆ ಕುಳಿತುಬಿಡುತ್ತಿತ್ತು. ಹುಡುಗಿ ಬಾರದ ದಿನ ಅಳತೆ ಇರುತ್ತಿರಲಿಲ್ಲ. ಅಂಥ ದಿನಗಳ ಚೌಕದಲ್ಲಿ ನಾನು ಸೊನ್ನೆ ಒತ್ತಿದೆ. ಪುಟ ಸುಮ್ಮನಾಯಿತು, ಕಂಬಗಳು ಎದ್ದವು, ನನಗೆ ಖುಷಿಯಾಯಿತು. ಅಳೆಯದೆ ಇದ್ದದ್ದು ಬೇರೆ, ಸೊನ್ನೆ ಬೇರೆ ಎಂದು ಎಂಟನೆಯ ತರಗತಿಯ ಮಕ್ಕಳಿಗೆ ಬೆತ್ತ ಹಿಡಿದು ಕಲಿಸುವವಳು ನಾನು. ನಾಲ್ಕು ತಿಂಗಳ ಚಿತ್ರ ಮುದ್ರಿಸಿ, ಸಹಿ ಮಾಡಿ, ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದೆ.

ಲಕ್ಷ್ಮೀಯ ಹಾಜರಿ ನೂರಕ್ಕೆ ಎಪ್ಪತ್ತೊಂದು ಆಯಿತು. ಪರೀಕ್ಷೆಗೆ ಎಪ್ಪತ್ತೈದು ಬೇಕು. ಕೊರತೆ ಮನ್ನಾ ಮಾಡಿ ಎಂದು ಹೆಡ್‌ಮಾಸ್ತರ ಬಸಲಿಂಗಪ್ಪನವರು ಅರ್ಜಿ ಬರೆದರು. ಹಳ್ಳದ ಸಾಕ್ಷಿ ಬೇಕಲ್ಲ ಎಂದಾಗ, ಸಾಕ್ಷಿ ಗೋಡೆಯ ಮೇಲೇ ಇದೆ ಎಂದು ಜಂಬದಿಂದ ಆ ಹಾಳೆಗಳನ್ನು ಕಿತ್ತು ಕೊಟ್ಟವಳೂ ನಾನೇ.

“ಸರ್, ಇದು ಸೊನ್ನೆ ಅಲ್ರಿ,” ಎಂದೆ. “ಅಳತಿ ಆಗದ ದಿನ ಅವು. ಹತ್ತನೇ ತಾರೀಖು ಅರವತ್ತೆರಡು ಇದ್ದ ನೀರು ಹನ್ನೊಂದಕ್ಕ ಬತ್ತತೈತೇನ್ರಿ?”

ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬತ್ತೂದಿಲ್ಲ ಅಂತ ನನಗೂ ತಿಳೀತೈತ್ರಿ. ಆದರ ಕಾಗದದ ಮ್ಯಾಲ ಸೊನ್ನಿ ಐತಿ, ಸೊನ್ನಿ ಕೆಳಗ ನಿಮ್ಮ ಸಹಿ ಐತಿ. ಸೊನ್ನಿ ನೋಡಿ ನಾ ಮಂಜೂರ ಮಾಡಿದ್ರ ನಾಳೆ ನನ್ನ ಕೇಳವರಿಲ್ಲೇನು? ಆವತ್ತು ಹಳ್ಳ ತುಂಬಿತ್ತು ಅನ್ನೂದಕ್ಕ ಆವತ್ತಿಂದ ಏನರ ಬರವಣಿಗಿ ತರ್ರಿ. ಈಗ ಬರಸಿಕೊಂಡ ಹೇಳಿಕಿ ಬ್ಯಾಡ. ಶನಿವಾರ ಹನ್ನೆರಡಕ್ಕ ಪರೀಕ್ಷಾಕ್ಕ ಕುಂದರವರ ಯಾದಿ ಮುಚ್ಚತೈತಿ.”

ಅಂದು ಬುಧವಾರ.

ಶಾಲೆಗೆ ಬಂದರೆ ಕಟ್ಟೆಯ ಮೇಲೆ ಲಕ್ಷ್ಮಪ್ಪ ಕಾಯುತ್ತ ಕುಳಿತಿದ್ದ. ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು.

“ಪರೀಕ್ಷಾ ಟಿಕೆಟ್ ಬಂದ್ರ ನಾ ಅಡ್ಡ ಬರಂಗಿಲ್ರಿ ಅಕ್ಕೋರ,” ಎಂದ. “ಬರಲಿಲ್ಲಂದ್ರ ಅಕಿನ್ನ ಮನ್ಯಾಗ ಕುಂದರಿಸಿ ಏನ್ ಮಾಡ್ಲಿ? ಶನಿವಾರ ನಮ್ಮ ತಮ್ಮನ ಹಿಂಡು ಮೂಡಲ ಸೀಮಿಗೆ ಹೊಂಡತೈತಿ. ಅಡಗಿಗೆ, ಮರಿ ನೋಡಾಕ ಒಂದ ಆಳ ಬೇಕ. ಒಮ್ಮೆ ಹ್ವಾದ್ಳಂದ್ರ ಬರೂದು ಮಳಿಗಾಲಕ್ಕ. ಆಮ್ಯಾಲ ಸಾಲಿ ಅಂದ್ರ ಯಾರ ಕೇಳ್ತಾರ?”

“ಶನಿವಾರ ತನಕ ತಡೀರಿ,” ಎಂದೆ.

“ಶನಿವಾರ ಮಧ್ಯಾನ ತನಕ,” ಎಂದ ಅವನು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಸಿಟ್ಟಿಗೆ ಸಿಟ್ಟು ಕೊಡುವುದು ನನಗೆ ಗೊತ್ತು.

ಹೆಡ್‌ಮಾಸ್ತರರ ಖೋಲಿಗೆ ಹೋಗಿ, ಹಳ್ಳ ತುಂಬಿದ್ದನ್ನು ನೋಡಿ ನಮ್ಮಲ್ಲಿ ಯಾರಾದರೂ ಆಗ ಏನಾದರೂ ಬರೆದಿದ್ದೀರಾ ಎಂದು ಕೇಳಿದೆ. ಹಳ್ಳ ತುಂಬುವುದು ಎಲ್ಲರಿಗೂ ಗೊತ್ತು. ಸುತ್ತು ಹಾಕಿ ಸೇತುವೆಯ ಮೇಲಿಂದ ಬಂದರೆ ಹದಿನಾಲ್ಕು ಕಿಲೋಮೀಟರು, ಬಸ್ಸಿಲ್ಲ ಎನ್ನುವುದೂ ಗೊತ್ತು. ಬರೆದವರು ಯಾರೂ ಇಲ್ಲ. ಮಳೆಯಲ್ಲಿ ಅಲ್ಲಿಯವರೆಗೆ ಹೋಗಿ ನೋಡಿದವರೂ ಇಲ್ಲ.

“ನೀವರ ಹೋಗಿರಬೇಕಲ್ರಿ, ಪದ್ಮಶ್ರೀ ಮೇಡಂ,” ಎಂದರು ಬಸಲಿಂಗಪ್ಪನವರು. “ಹಳ್ಳದ ಪ್ರಯೋಗ ನಿಮ್ದ ಅಲ್ಲ?”

ನಾನು ಹೋಗಿರಲಿಲ್ಲ. ಹಳ್ಳ ಹೇಗಿದೆ, ಕಲ್ಲು ಎಲ್ಲಿದೆ, ಗೆರೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಒಂದೂ ನೋಡಿರಲಿಲ್ಲ. ಸೀರೆ ಕೆಸರಾಗುತ್ತದೆ, ಐದೂಕಾಲಿನ ಬಸ್ಸು ತಪ್ಪುತ್ತದೆ. ನಾಲ್ಕು ತಿಂಗಳು ನಾನು ಹಳ್ಳವನ್ನು ಪರದೆಯ ಮೇಲೆ ಮಾತ್ರ ನೋಡಿದೆ.

ಗುರುವಾರ ರಜೆ ಹಾಕಿ ಬೆಳಗಾವಿಯ ಕಾಲೇಜಿಗೆ ಹೋಗಿ ಶಶಿಧರರನ್ನು ಹಿಡಿದೆ. ಖಾಲಿ ಚೌಕಕ್ಕೆ ಪುಟ ಯಾಕೆ ಕೂಗಬೇಕು, ನಿಮಗೆ ಬುದ್ಧಿ ಬೇಡವೇ ಎಂದು ಬಾಗಿಲಲ್ಲೇ ಕೂಗಾಡಿದೆ. ಪಾಪದ ಮನುಷ್ಯ, “ಕುಂದರ್ರಿ ಮೇಡಂ, ಮೊದ್ಲ ನೀರ ಕುಡೀರಿ,” ಎಂದು ತಮ್ಮದೇ ಕುರ್ಚಿ ಬಿಟ್ಟುಕೊಟ್ಟರು. ಎಲ್ಲ ಕೇಳಿ, ಪುಟದ ಒಳಗೆ ಮೂರು ಸಾಲು ತಿದ್ದಿದರು. ಈಗ ಖಾಲಿ ಬಿಟ್ಟ ದಿನ ಕಂಬದ ಜಾಗದಲ್ಲಿ ಒಂದು ಕೆಂಪು ಗುಣಿಸು ಚಿಹ್ನೆ ಬೀಳುತ್ತಿತ್ತು. ಮೂರೇ ಸಾಲು. ಜೂನ್‌ನಲ್ಲಿ ಕೇಳಿದ್ದರೆ ಜೂನ್‌ನಲ್ಲೇ ತಿದ್ದುತ್ತಿದ್ದರು.

ಅವರು ಚಹಾ ಹೇಳಲು ಹೊರಗೆ ಹೋದಾಗ ನಾನೊಬ್ಬಳೇ ಉಳಿದೆ. ಜುಲೈ ಹನ್ನೊಂದರ ಚೌಕದಲ್ಲಿ ನೂರೆಂಬತ್ತು ಎಂದು ಒತ್ತಿದೆ. ನೀಲಿ ಕಂಬ ಛಾವಣಿ ಮುಟ್ಟುವಂತೆ ಎದ್ದಿತು. ಇಷ್ಟೇ ಸಾಕಿತ್ತು. ನಲವತ್ತೊಂದು ಸಲ ಹೀಗೆ ಒತ್ತಿದರೆ ಹುಡುಗಿ ಪರೀಕ್ಷೆಗೆ ಕೂರುತ್ತಾಳೆ. ನಾನು ಸತ್ಯವಂತೆಯಾಗಿದ್ದಕ್ಕೆ ಅಳಿಸಿದೆ ಎಂದು ಹೇಳಿಕೊಳ್ಳಲು ಆಸೆಯೇನೋ ಇದೆ. ನಿಜ ಸಂಗತಿ ಬೇರೆ. ಕಲ್ಲಿನ ಕೊನೆಯ ಗೆರೆ ನೂರೈವತ್ತು, ನೂರೆಂಬತ್ತನ್ನು ಯಾವುದರಿಂದ ಅಳೆದಿರಿ ಎಂದು ಸಾಹೇಬರು ಕೇಳಿದರೆ ಏನು ಹೇಳಲಿ? ಎಲ್ಲ ಕಡೆ ನೂರೈವತ್ತು ಮಾಡಿದೆ. ಒಂದೇ ಎತ್ತರದ ಕಂಬಗಳು ಕಾಂಪೌಂಡು ಗೋಡೆಯಂತೆ ನಿಂತವು. ಮೂರನೆಯ ತರಗತಿಯ ಮಗು ನೋಡಿದರೂ ನಗುತ್ತಿತ್ತು. ಭಯಕ್ಕೆ ಅಳಿಸಿದೆ, ಅಷ್ಟೇ.

ಕೆಂಪು ಚಿಹ್ನೆಯ ಹೊಸ ಚಿತ್ರ ಹಿಡಿದು ಮಧ್ಯಾಹ್ನವೇ ಕಚೇರಿಗೆ ಓಡಿದೆ. ಸಾಹೇಬರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟರು.

“ನಿನ್ನೆ ಸೊನ್ನಿ ಇತ್ತು, ಇವತ್ತ ಕೆಂಪು ಗುರ್ತು ಬಂತು. ನಾಳೆ ನೂರು ಆಗತೈತಿ. ಯಾವುದು ಖರೇ ಅಂತ ನಂಬಲಿ?” ಎಂದರು.

ಬೆಳಿಗ್ಗೆ ಸುಳ್ಳು ಅಂಕಿ ಒತ್ತಿ ನೋಡಿದ್ದೆನಲ್ಲ, ಅದು ಅವರಿಗೆ ಕಂಡುಬಿಟ್ಟಿತೇನೋ ಅನ್ನಿಸಿತು. ಹೊಸ ಹಾಳೆ ಎತ್ತಿಕೊಂಡು ಹೊರಗೆ ಬಂದೆ. ಬಸ್ ನಿಲ್ದಾಣದಲ್ಲಿ ನಿಂತು ಅತ್ತೆ. ಬಾಜು ನಿಂತ ಒಬ್ಬ ಅಜ್ಜಿ ಯಾರು ತೀರಿಕೊಂಡರೆಂದು ಮರಾಠಿಯಲ್ಲಿ ಕೇಳಿದಳು.

ಶುಕ್ರವಾರ ಬೆಳಿಗ್ಗೆ ಲಕ್ಷ್ಮೀ ಶಾಲೆಗೆ ಬಂದಳು. ಪುಸ್ತಕಗಳನ್ನು ವಾಪಸ್ ಕೊಟ್ಟು ಹೋಗಲು ಬಂದಿದ್ದಳು. ಗ್ರಂಥಾಲಯದ ಎರಡು ಪುಸ್ತಕ, ಪ್ರಯೋಗಾಲಯದ ಒಂದು ಅಳತೆಪಟ್ಟಿ. ಪಟ್ಟಿಯನ್ನು ಒರೆಸಿ ತಂದಿದ್ದಳು. ನಾನು ಅದನ್ನು ತೆಗೆದುಕೊಳ್ಳಲಿಲ್ಲ.

“ಲಕ್ಷ್ಮೀ, ಸೊನ್ನೆ ಹಾಕಿದ್ದು ನನ್ನ ತಪ್ಪವಾ,” ಎಂದೆ. ಹದಿನಾಲ್ಕು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ಹೇಳಿರದ ಮಾತು. “ಆ ದಿನಗಳದು ಏನೂ ಬರವಣಿಗಿ ಇಲ್ಲ. ಅದಕ್ಕ ಅವರು ಒಪ್ಪವಲ್ಲರು.”

ಅವಳು ತಲೆ ಎತ್ತಿದಳು. ಹೆದರುತ್ತ, ಎಂದಿನಂತೆ ಸಣ್ಣ ದನಿಯಲ್ಲಿ ಹೇಳಿದಳು: “ನಾ ಬರದಿದ್ನಲ್ರಿ ಅಕ್ಕೋರ. ದಿನಾ ಬರದೇನಿ. ಸಾಲಿಗೆ ಬರಾಕ ಆಗದಿದ್ರೂ ದಂಡಿತನಕ ಬರತಿದ್ನಿರಿ. ನೀವ ನೋಡೀರಿ. ನೋಡಿ ಬೈದಿದ್ರಿ.”

ನೋಟ್‌ಬುಕ್ ನನ್ನ ಕಪಾಟಿನಲ್ಲೇ ಇತ್ತು, ಹಳೆಯ ಚಾರ್ಟುಗಳ ಕೆಳಗೆ. ಅಂಕಿಗಳೆಲ್ಲ ಫ್ಲಾಪಿಗೆ ಹೋದ ಮೇಲೆ ಅದನ್ನು ಅಲ್ಲಿ ಬಿಸಾಕಿ ಮರೆತಿದ್ದೆ. ತೆರೆದೆ. ಎರಡು ಪುಟ ಓದಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ಅಸಹ್ಯದ ನಡುವೆಯೂ, ಇದು ಸಾಕ್ಷಿ, ಇದೇ ಸಾಕ್ಷಿ ಎಂದು ನೋಟ್‌ಬುಕ್ಕನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಶುಕ್ರವಾರ ಸಾಹೇಬರು ಊರಲ್ಲಿರಲಿಲ್ಲ. ಶನಿವಾರ ಹತ್ತು ಗಂಟೆಗೆ ಕಚೇರಿಯ ಬಾಗಿಲಲ್ಲಿದ್ದೆ. ಸಾಹೇಬರು ಯಾವುದೋ ಸಭೆ ಮುಗಿಸಿ ಬಂದಾಗ ಹನ್ನೊಂದೂವರೆ. ನೋಟ್‌ಬುಕ್ ನೋಡಿ, “ಹುಡುಗಿ ತಾನ ಬರಕೊಂಡಿದ್ದು ನಡಿಯಂಗಿಲ್ರಿ,” ಎಂದರು.

“ಹುಡುಗಿ ಬರೆದದ್ದಷ್ಟ ನೋಡಬ್ಯಾಡ್ರಿ ಸರ್. ಕೆಂಪು ಶಾಯಿ ಓದ್ರಿ. ಅದು ನಂದು. ಕೆಳಗ ತಾರೀಖು ಐತಿ, ಸಹಿ ಐತಿ. ಆವತ್ತಿಂದು.”

ಅವರು ಗಟ್ಟಿಯಾಗಿಯೇ ಓದತೊಡಗಿದರು. ಮೊದಲು ಅವಳ ನೀಲಿ ಅಕ್ಷರ.

“ಹನ್ನೊಂದು ಜುಲೈ. ಕಲ್ಲು ಕಾಣಲಿಲ್ಲ. ಹನ್ನೆರಡು ಜುಲೈ. ಕಲ್ಲು ಕಾಣಲಿಲ್ಲ. ಹದಿಮೂರು. ಕಲ್ಲು ಕಾಣಲಿಲ್ಲ. ಗಾಳಿ ಇತ್ತು, ಶಾಲೆಯ ಗಂಟೆ ಕೇಳಿಸಿತು. ಹದಿನಾಲ್ಕು. ಕಲ್ಲು ಕಾಣಲಿಲ್ಲ. ಹದಿನೈದು, ರವಿವಾರ. ಕಲ್ಲು ಕಾಣಲಿಲ್ಲ. ಗಂಟೆ ಇಲ್ಲ. ಹದಿನಾರು. ಕಲ್ಲು ಕಾಣಲಿಲ್ಲ. ಹದಿನೇಳು. ಕಲ್ಲು ಕಾಣಲಿಲ್ಲ. ಪ್ರಾರ್ಥನೆ ಕೇಳಿಸಿತು. ನಾನೂ ನಿಂತು ಹೇಳಿದೆ.”

ಹತ್ತೊಂಬತ್ತರವರೆಗೆ ಹೀಗೆಯೇ, ನೂರೈವತ್ತರ ಗೆರೆಯೂ ನೀರಿನಲ್ಲಿ ಮುಳುಗಿತ್ತು. ಇಪ್ಪತ್ತಕ್ಕೆ ನೀರು ಇಳಿದು ಅವಳು ಶಾಲೆಗೆ ಬಂದಿದ್ದಳು. ಆ ದಿನದ ಸಾಲಿನಲ್ಲಿ ಎಂಬತ್ತೆಂಟು ಎಂಬ ಅಂಕಿ. ಅದರ ಕೆಳಗೆ ಅಡ್ಡಲಾಗಿ ನನ್ನ ಕೆಂಪು ಶಾಯಿ. ಸಾಹೇಬರು ಒಮ್ಮೆ ನನ್ನ ಮುಖ ನೋಡಿ ಅದನ್ನೂ ಓದಿದರು.

“‘ಸಂಖ್ಯೆ ಎಲ್ಲಿ? ಕಥೆ ಬೇಡ. ಗಂಟೆ ಕೇಳಿಸುವಷ್ಟು ಹತ್ತಿರ ಇದ್ದವಳಿಗೆ ಶಾಲೆಗೆ ಬರಲು ಏನು ರೋಗ? ಇಪ್ಪತ್ತು, ಏಳು, ಎರಡು ಸಾವಿರದ ಒಂದು.’ ಇದು ನಿಮ್ಮ ಅಕ್ಷರೇನ್ರಿ?”

“ಹೌದ್ರಿ.”

ಇನ್ನೂ ನಾಲ್ಕು ಕಡೆ ಇತ್ತು. ನಾಲ್ಕನ್ನೂ ಓದಿದರು. ಅಳೆಯಲು ಬಾರದಿದ್ದರೆ ನೋಟ್‌ಬುಕ್ ಬೇರೆಯವರಿಗೆ ಕೊಡು ಎಂದು ಆಗಸ್ಟಿನಲ್ಲಿ ಬರೆದಿದ್ದೆ. ಪಕ್ಕದ ಮೇಜಿನ ಗುಮಾಸ್ತರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ನನ್ನ ತರಗತಿಯಲ್ಲಿ ಮಕ್ಕಳು ನಿಲ್ಲುವ ಹಾಗೆ. ಸಾಹೇಬರು ತಾರೀಖುಗಳನ್ನು ಹಾಜರಿ ಪುಸ್ತಕದ ಜೊತೆ ಹೊಂದಿಸಿ ನೋಡಿದರು. ಬೈಗುಳ ಬಿದ್ದ ಐದೂ ದಿನ ಹುಡುಗಿ ಹಾಜರಿದ್ದಳು. ಅದರ ಹಿಂದಿನ ದಿನಗಳಲ್ಲಿ ಗೈರು.

“ಈಗ ಬರದದ್ದಂತೂ ಅಲ್ಲ ಇದು,” ಎಂದರು ಕೊನೆಗೆ. “ತಮ್ಮ ಮ್ಯಾಲ ತಾವ ಹಿಂಗ ಯಾರೂ ಬರಕೊಳ್ಳಂಗಿಲ್ಲ.” ಗಡಿಯಾರ ನೋಡಿ, ಅರ್ಜಿಗೆ ಸಹಿ ಮಾಡಿದರು. ನೋಟ್‌ಬುಕ್ ಅರ್ಜಿಯ ಜೊತೆ ಕಚೇರಿಯಲ್ಲೇ ಉಳಿಯಬೇಕು ಎಂದರು. ಮಂಜೂರಾತಿ ಪತ್ರ ನನ್ನ ಕೈಗೆ ಬಂದಾಗ ಹನ್ನೆರಡಕ್ಕೆ ಆರು ನಿಮಿಷ ಇತ್ತು.

ಖಾನಾಪುರದ ಬಸ್ಸು ದೇಸೂರಿನ ಹತ್ತಿರ ಕೆಟ್ಟು ನಿಂತಿತು. ಹಿಂಡು ಹೊರಟುಬಿಟ್ಟರೆ? ಒಂದು ಟೆಂಪೋಕ್ಕೆ ಕೈ ಮಾಡಿ ಹತ್ತಿದೆ, ಅಂಗಡಿಗೆ ಹೋಗುವ ಎಣ್ಣೆ ಡಬ್ಬಿಗಳ ನಡುವೆ ಕುಳಿತು ಹೋದೆ. ಪೇಟೆಯಲ್ಲಿ ಇಳಿದವಳು ಶಾಲೆಯ ಕಡೆ ತಿರುಗಲಿಲ್ಲ. ನೇರ ಹಳ್ಳದ ಹಾದಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಎರಡೂವರೆ ಆಗಿತ್ತು.

ಹಳ್ಳ ಪೂರ್ತಿ ಒಣಗಿತ್ತು. ಬರೀ ಉರುಟು ಕಲ್ಲು, ಮರಳು. ಇಳಿಯುವ ಜಾಗದಲ್ಲಿ ನೀಲಿ ಗೆರೆಗಳ ಆ ಕಲ್ಲು ನಿಂತಿತ್ತು. ಮೊದಲ ಸಲ ನೋಡಿದೆ. ಗೆರೆಗಳು ನೆಟ್ಟಗಿದ್ದವು, ಅಂಕಿಗಳು ಮುದ್ದಾಗಿದ್ದವು. ಕಲ್ಲಿನ ತುದಿ ನನ್ನ ಹಣೆಗೆ ಬರುತ್ತಿತ್ತು. ದಂಡೆಯ ಹೊಂಗೆ ಮರದ ಕೊಂಬೆಯಲ್ಲಿ ಹುಲ್ಲು, ಕಡ್ಡಿ, ಹರಿದ ಒಂದು ಗೊಬ್ಬರದ ಚೀಲ ಸಿಕ್ಕಿಕೊಂಡಿದ್ದವು, ನೀರು ತಂದು ಬಿಟ್ಟುಹೋದದ್ದು. ಕೈ ಎತ್ತಿದೆ. ನನಗೆ ಎಟುಕಲಿಲ್ಲ. ಅಲ್ಲಿಯವರೆಗೆ ಬಂದ ನೀರಿಗೆ ನಾನು ಸೊನ್ನೆ ಹಾಕಿದ್ದೆ. ಇದರ ಎದುರು ಆ ಹುಡುಗಿ ಪುಸ್ತಕದ ಚೀಲ ಹಿಡಿದು ನಿಂತು, ಒಬ್ಬಳೇ ಪ್ರಾರ್ಥನೆ ಹೇಳಿದ್ದಳು.

ಆಚೆಯ ದಂಡೆಯಿಂದ ಕುರಿಗಳು ಇಳಿಯತೊಡಗಿದವು. ಹಿಂದೆ ಲಕ್ಷ್ಮಪ್ಪ ಮತ್ತು ಅವನ ತಮ್ಮ, ಅವರ ಹಿಂದೆ ಹೆಗಲಿಗೆ ಕಂಬಳಿ ಹಾಕಿ, ಒಂದು ಮರಿ ಎತ್ತಿಕೊಂಡು ಲಕ್ಷ್ಮೀ. ನನ್ನನ್ನು ಕಂಡು ಅವಳು ಅಲ್ಲೇ ನಿಂತಳು. ಲಕ್ಷ್ಮಪ್ಪನ ಮುಂದೆ ಪತ್ರ ಚಾಚಿದೆ. ಲಕ್ಷ್ಮಪ್ಪ ಓದಲು ಬಾರದೆ ಅದನ್ನು ಮಗಳ ಕಡೆ ಹಿಡಿದ. ಅವಳು ಓದಿದಳು, ಇನ್ನೊಮ್ಮೆ ಓದಿದಳು, ಮರಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು. ಲಕ್ಷ್ಮಪ್ಪ ಅವಳ ಹೆಗಲಿನ ಕಂಬಳಿ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

ಹಿಂಡು ದಾಟಿ ಹೋಯಿತು. ಲಕ್ಷ್ಮೀ ಕಲ್ಲಿನ ಹತ್ತಿರ ಬಂದಳು.

“ಅಕ್ಕೋರ, ನನ್ನ ನೋಟ್‌ಬುಕ್?”

“ಅವರು ಇಟ್ಟಕೊಂಡಾರವಾ.”

“ಹಂಗಾದ್ರ ಇವತ್ತಿಂದು ಎಲ್ಲಿ ಬರೀಲ್ರಿ?”

ನನ್ನ ಡೈರಿ, ಪೆನ್ನು ಕೊಟ್ಟೆ. ನೀರಿಲ್ಲದ ಹಳ್ಳವಾದರೂ ಅವಳು ಬಗ್ಗಿ ಕಲ್ಲಿನ ಬುಡದವರೆಗೆ ನೋಡಿಯೇ ಬರೆದಳು. ಬರೆದು, ತಿದ್ದಿಸಿಕೊಳ್ಳಲು ನಿಲ್ಲುವವಳಂತೆ ಡೈರಿಯನ್ನು ನನ್ನೆದುರು ಹಿಡಿದಳು.

“ಸೊನ್ನೆ. ಕಲ್ಲು ಬುಡದವರೆಗೆ ಕಾಣುತ್ತದೆ. ಅಕ್ಕೋರು ಬಂದಿದ್ದರು.”